ಇಳಿಜಾರಿನಲ್ಲಿ ಕೈ

“ಒಂದು ಸಲನಾದ್ರೂ ಹತ್ತಿದೀರಾ ಭಾವ, ನೀವು ಅದನ್ನ?”

ಹೆಂಡತಿಯ ತಮ್ಮ ಇದನ್ನು ಕೇಳಿದ್ದು ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡು. ಅವನ ಬಲಗೈ ಜೋಳಿಗೆಯೊಳಗಿನ ಕೂಸಿನ ಹಾಗೆ ಬಿಳಿ ಬಟ್ಟೆಯಲ್ಲಿ ಕುತ್ತಿಗೆಯಿಂದ ನೇತಾಡುತ್ತಿತ್ತು. ಎಡಗೈಗೆ ತಿನ್ನುವ ಅಭ್ಯಾಸ ಇನ್ನೂ ಆಗದೆ ಅಂಗಿಯ ಮೇಲೆಲ್ಲ ಚೂರು. ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಮಿಡತೆ ಅಂತ. ಮಣ್ಣುದಿಬ್ಬದ ನೆತ್ತಿಯಿಂದ ಮೋಟಾರ್‌ಸೈಕಲ್ ಸಮೇತ ನೆಗೆದು, ಗಾಳಿಯಲ್ಲಿ ಒಂದು ಗಳಿಗೆ ಯಾರ ಮಾತನ್ನೂ ಕೇಳದವನ ಹಾಗೆ ನಿಂತು, ಆಮೇಲೆ ಏನೂ ಆಗಿಲ್ಲವೆನ್ನುವಂತೆ ಇಳಿದು ಹೋಗುವುದು ಅವನ ಕಸುಬು. ಹೋದ ವಾರ ಮಿಡತೆ ಇಳಿಯಲಿಲ್ಲ, ಬಿದ್ದ. ಹೆಗಲೆಲುಬು ಮುರಿಯಿತು.

“ನಿಮ್ಮನ್ನೇ ಕೇಳ್ತಿರೋದು. ಬೋರ್ಡಿನ ಮೇಲೆ ಗೆರೆ ಎಳೆಯೋದು ಬೇರೆ. ಹತ್ತಿದೀರಾ?”

“ಸುಮ್ನೆ ತಿನ್ನೋ,” ಎಂದಳು ಅಕ್ಕ. ಆಮೇಲೆ ಗಂಡನ ಕಡೆ ತಿರುಗಿ, “ಮತ್ತೆ ನೀವು, ತಿಂಡಿ ತಿನ್ನೋ ಜಾಗದಲ್ಲಿ ಆ ಹೆಣ ಯಾಕ್ರೀ ಇಟ್ಕೊಂಡಿದೀರಾ?”

ಹೆಣವೆಂದರೆ ಪಿಸ್ಟನ್ನು. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದಿದ್ದನ್ನು ಅವನು ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದ್ದ. ಒಂದು ಪಕ್ಕಕ್ಕೆ ಉದ್ದುದ್ದ ಗೀರು, ಬೆಕ್ಕು ಪರಚಿದ ಹಾಗೆ. ಗೀರಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಅವನು ಭಾಮೈದನ ಪ್ರಶ್ನೆ ತನಗಲ್ಲವೆಂಬಂತೆ ಕೂತ. ಉತ್ತರ ಮೂವರಿಗೂ ಗೊತ್ತಿತ್ತು. ಆ ಮೋಟಾರ್‌ಸೈಕಲ್ಲಿನ ಒಂದೊಂದು ಗೆರೆಯನ್ನೂ ಎಳೆದವನು ಅವನು, ಇಂಜಿನ್ನಿನ ಸದ್ದನ್ನು ಗೋಡೆಯಾಚೆಯಿಂದ ಕೇಳಿ ಅದಕ್ಕೆ ಹೊಟ್ಟೆನೋವೋ ತಲೆನೋವೋ ಎಂದು ಹೇಳಬಲ್ಲವನು, ಆದರೆ ಸೀಟಿನ ಮೇಲೆ ಒಂದು ದಿನವೂ ಕೂತವನಲ್ಲ. ದಿನಾ ನಡೆದೇ ಕಾರ್ಖಾನೆಗೆ ಹೋಗುತ್ತಿದ್ದ. ಕೆಲಸದವರಿಗೆ ಅವನು ಎದುರಿಗೆ ಸಾರ್, ಬೆನ್ನ ಹಿಂದೆ ಕಾಲ್ನಡಿಗೆ ಸಾರ್.

“ಎಣ್ಣೆ ಒಣಗಿ ಹಿಡಕೊಂಡಿದೆ,” ಅವನು ಪಿಸ್ಟನ್ನಿಗೆ ಹೇಳುವಂತೆ ಹೇಳಿದ. “ಇಳಿಜಾರಿನಲ್ಲಿ ಆಕ್ಸಿಲರೇಟರ್ ಮುಚ್ಚಿದ್ರೆ ಹೀಗೇ ಆಗೋದು.”

“ನಾನು ಮುಚ್ಚಿಲ್ಲ.”

“ಪಿಸ್ಟನ್ ಹೇಳ್ತಾ ಇದೆಯಲ್ಲೋ.”

“ಪಿಸ್ಟನ್ ಹೇಳಿದ್ದು ಕೇಳಿಸುತ್ತೆ, ನಾನು ಹೇಳಿದ್ದು ಕೇಳಿಸಲ್ಲ ಅಲ್ವಾ? ನನ್ನ ಕೈ ನನಗೆ ಗೊತ್ತಿಲ್ವಾ ಭಾವ?” ಮಿಡತೆ ಎದ್ದ. ಎದ್ದ ರಭಸಕ್ಕೆ ಹೆಗಲು ನೋಯಿತೆಂದು ಕಾಣುತ್ತದೆ, ಮುಖ ಕಿವುಚಿದ. “ಅದೇ ಹೇಳಿ ಇವತ್ತು ನಿಮ್ಮ ಮ್ಯಾನೇಜರಿಗೆ. ಹುಡುಗ ಹೆದರ್ಕೊಂಡ ಅಂತ ಹೇಳಿ. ಆಮೇಲೆ ಕಾರ್ಖಾನೆಗೆ ಬಂದು ನನ್ನ ಬೂಟು ತಗೊಂಡು ಹೋಗ್ತೀನಿ.”

ಬಾಗಿಲು ಬಡಿಯಿತು. ಅಕ್ಕ ತಮ್ಮನ ತಟ್ಟೆಯಲ್ಲಿ ಉಳಿದಿದ್ದ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿದಳು. ಅವನು ಹೆಣವನ್ನು ಮತ್ತೆ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟ.

ದಾರಿಯಲ್ಲಿ ಎಂದಿನಂತೆ ಗೋಡೆಗೆ ಒತ್ತಿಕೊಂಡು ನಡೆದ. ಈ ಜಾತಿಯ ಇಂಜಿನ್ನಿಗೆ ಎಣ್ಣೆ ಬೇರೆ, ಪೆಟ್ರೋಲು ಬೇರೆ ಎಂಬ ಭೇದವಿಲ್ಲ. ಹರಳೆಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸಿ ಕುಡಿಸುವುದು. ಅವನ ಅಂಗಿಗಳಿಗೆಲ್ಲ ಆ ವಾಸನೆ ಹತ್ತಿ, ಪಕ್ಕದ ಮನೆಯಾಕೆ ಹೆಂಡತಿಯನ್ನು ಕೇಳಿದ್ದಳಂತೆ, “ನಿಮ್ಮನೇಲಿ ಯಾರಿಗಮ್ಮಾ ದಿನಾ ಹೊಟ್ಟೆ ಕಟ್ಟೋದು?” ಆ ಎಣ್ಣೆ ಒಳಗೆ ಹೋಗಬೇಕಾದರೆ ಪೆಟ್ರೋಲು ಹೋಗಬೇಕು, ಪೆಟ್ರೋಲು ಹೋಗಬೇಕಾದರೆ ಆಕ್ಸಿಲರೇಟರ್ ಹಿಡಿದ ಕೈ ತೆರೆದಿರಬೇಕು. ಇಳಿಜಾರಿನಲ್ಲಿ ಕೈ ಮುಚ್ಚಿತೋ, ಚಕ್ರ ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಕುಡಿಯಲು ಮಾತ್ರ ಏನೂ ಇರುವುದಿಲ್ಲ. ಬಾಯಾರಿದ ಪಿಸ್ಟನ್ನು ಸಿಲಿಂಡರಿನ ಗೋಡೆಯನ್ನೇ ಕಚ್ಚಿ ಹಿಡಿಯುತ್ತದೆ. ಹಿಂದಿನ ಚಕ್ರ ನಿಂತುಬಿಡುತ್ತದೆ. ಮೇಲೆ ಕೂತವನು ನಿಲ್ಲುವುದಿಲ್ಲ. ಇದನ್ನು ಮಿಡತೆಗೆ ಅವನೇ ಎಷ್ಟು ಸಲ ಹೇಳಿದ್ದಾನೆ! ಇಳಿಯುವಾಗ ಹೆದರಿಕೆಯಾದರೆ ಕೊಡು, ಕೊಡುತ್ತಲೇ ಇರು. ಹೇಳುವುದಕ್ಕೇನು, ನೆಲದ ಮೇಲೆ ನಿಂತವನು. ಅವನು ಹುಡುಗನಾಗಿದ್ದಾಗ ಸೋದರಮಾವ ಹೀಗೇ ಹೇಳಿದ್ದ, “ಕಣ್ಣು ಮುಚ್ಚಬೇಡ ಕಣೋ, ಕಣ್ಣು ಮುಚ್ಚಿದ್ರೇ ಭಯ.” ಮಾವನ ಹೊಟ್ಟೆ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದ, ಕಾಲು ಇನ್ನೂ ಫುಟ್‌ರೆಸ್ಟಿಗೆ ಎಟುಕದ ವಯಸ್ಸು, ಹಿಂದೆ ನೀಲಿ ಹೊಗೆ, ಆ ಸದ್ದು ಏರುತ್ತಾ ಏರುತ್ತಾ ಇನ್ನೇನು ಹರಿದುಹೋಗುತ್ತದೆ ಅನ್ನುವಷ್ಟು ತೆಳ್ಳಗಾದಾಗ ಅವನ ಎದೆಯೊಳಗೆ ಯಾರೋ ದೀಪ ಹಚ್ಚಿದ ಹಾಗಾಗಿತ್ತು, ಆಮೇಲೆ ರಸ್ತೆ ಇಳಿಯಿತು. ಅಷ್ಟೇ. ಮಾವನ ಅಂಗಿಯ ಬೆನ್ನು ಒದ್ದೆ, ಸೀಟು ಒದ್ದೆ. ಮಾವ ಬೈಯಲಿಲ್ಲ. ಗಾಡಿ ನಿಲ್ಲಿಸಿ, ಕೈಹಿಡಿದು ಇಳಿಸಿ, “ನಡ್ಕೊಂಡು ಬಾ ಪುಟ್ಟ, ಅಷ್ಟರಲ್ಲಿ ಚಡ್ಡಿ ಒಣಗುತ್ತೆ,” ಎಂದು ಪ್ರೀತಿಯಿಂದಲೇ ಹೇಳಿ ಹೋದ. ಆ ಪ್ರೀತಿಯನ್ನು ಅವನು ಇನ್ನೂ ಕ್ಷಮಿಸಿಲ್ಲ. ಆಮೇಲೆ ಯಾವ ಮದುವೆಮನೆಯಲ್ಲಿ ಸಿಕ್ಕಿದರೂ ಮಾವ ಕಣ್ಣು ಮಿಟುಕಿಸಿ ಕೇಳುತ್ತಿದ್ದ, “ಒಣಗ್ತೇನೋ?”

ಒಣಗಿರಲಿಲ್ಲ. ಅವನು ಈಗಲೂ ನಡೆಯುತ್ತಲೇ ಇದ್ದ.

ಆದರೆ ಆ ಸದ್ದು ಉಳಿಯಿತು, ಏನು ಮಾಡುವುದು? ಹೆದರಿಸಿದ್ದನ್ನೇ ಮಾಡುತ್ತಾ ಜೀವನ ಕಳೆದವನು. ಮ್ಯಾನೇಜರು ಬರುವ ಮೊದಲಿನ ದಿನಗಳಲ್ಲಿ ಈ ಕಾರ್ಖಾನೆಯಲ್ಲಿ ಹಾಲಿನವರಿಗೆ, ಅಂಚೆಯವರಿಗೆ ಗಾಡಿ ಮಾಡುತ್ತಿದ್ದರು. ಹಿಂದುಗಡೆ ತಗಡಿನ ಶೆಡ್ಡಿನಲ್ಲಿ ಅವನೂ ವೆಲ್ಡರಣ್ಣನೂ ಸೇರಿ, ಕೆಸರು-ಮಣ್ಣು-ದಿಬ್ಬಗಳ ಮೇಲೆ ಪಂದ್ಯ ಓಡುವಂಥದ್ದೊಂದನ್ನು ಕಟ್ಟುತ್ತೇವೆ ಎಂದು ಹೊರಟಾಗ ಯಾರೂ ಬೇಡ ಅನ್ನಲಿಲ್ಲ, ಯಾರೂ ನಂಬಿರಲಿಲ್ಲವಾದ್ದರಿಂದ. ದೀಪ ಬೇಡ, ಕನ್ನಡಿ ಬೇಡ, ಹಾರ್ನ್ ಬೇಡ. ಕಿತ್ತುಹಾಕಿದ್ದೇ ಹೆಚ್ಚು. ಸೈಲೆನ್ಸರಿಗೆ ವೆಲ್ಡರಣ್ಣ ತಗಡನ್ನು ಸುರುಳಿ ಸುತ್ತಿ, ಲಾಳಿಕೆಯಂತೆ ಅಗಲಿಸಿ, ಮತ್ತೆ ಕಿರಿದು ಮಾಡಿ ಬೆಸೆಯುತ್ತಿದ್ದ. ಇಲಿ ನುಂಗಿದ ಹಾವಿನಂತೆ ಹೊಟ್ಟೆ ಉಬ್ಬಿದ ಕೊಳವೆ. ಒಂದು ಹಾವು ಸರಿಬರಲಿಲ್ಲವೆಂದರೆ ಕೊಯ್ದು, ಹೊಟ್ಟೆ ಒಂದಿಷ್ಟು ಮುಂದಕ್ಕೆ ಸರಿಸಿ, ಮತ್ತೆ ಬೆಸುಗೆ. ಹೊರಗೆ ಹೊರಟ ಹೊಗೆ ಆ ಹೊಟ್ಟೆಯ ಕೊನೆಯ ಗೋಡೆಗೆ ಬಡಿದು ವಾಪಸ್ಸು ಬರುವಾಗ, ಅದರ ಬೆನ್ನಿಗೇ ತಪ್ಪಿಸಿಕೊಂಡು ಓಡುತ್ತಿದ್ದ ಹೊಸ ಪೆಟ್ರೋಲಿನ ಕತ್ತುಪಟ್ಟಿ ಹಿಡಿದು ಒಳಕ್ಕೆ ನೂಕಬೇಕು. ಎಲ್ಲ ಲೆಕ್ಕ ಅಷ್ಟೇ. ಶೆಡ್ಡಿನ ಗೋಡೆಯ ಮೇಲೆ ಕೊಯ್ದ ಹಾವುಗಳು ಸಾಲಾಗಿ ತೂಗುತ್ತಿದ್ದವು, ವೆಲ್ಡರಣ್ಣ ಅವುಗಳಿಗೆ ತನ್ನ ನೆಂಟರ ಹೆಸರಿಟ್ಟಿದ್ದ: ಚಿಕ್ಕಪ್ಪ, ಎರಡನೇ ಚಿಕ್ಕಪ್ಪ, ಮಾತಾಡದ ಅತ್ತಿಗೆ. ಇನ್ನು ಪೋರ್ಟ್, ಸಿಲಿಂಡರಿನ ಗೋಡೆಯಲ್ಲಿ ಹೊಗೆ ಹೋಗುವ ಕಿಟಕಿ. ಅದರ ಮೇಲಂಚನ್ನು ಅವನು ಸ್ವತಃ ಅರದಿಂದ ಉಜ್ಜಿ ಏರಿಸಿದ್ದ, ಉಸಿರು ಬಿಗಿಹಿಡಿದು, ಏಕೆಂದರೆ ಉಜ್ಜಿದ ಲೋಹ ಮತ್ತೆ ಬೆಳೆಯುವುದಿಲ್ಲ. ಕಿಟಕಿ ಏರಿದಷ್ಟೂ ಇಂಜಿನ್ನು ನಿಧಾನದಲ್ಲಿ ಸತ್ತ ಹಾಗೆ, ವೇಗದಲ್ಲಿ ದೆವ್ವ ಹೊಕ್ಕ ಹಾಗೆ. ಮಿಡತೆ ಮೊದಲ ದಿನ ಓಡಿಸಿ ಬಂದು, ಮುಖದ ಕೆಸರು ಕೂಡ ಒರೆಸದೆ, “ಭಾವ, ಇದು ಗಾಡಿ ಅಲ್ಲ, ಇದಕ್ಕೆ ಸಿಟ್ಟು ಬರುತ್ತೆ,” ಎಂದಿದ್ದ. ತನ್ನೊಳಗೆ ಯಾವತ್ತೂ ಇರದಿದ್ದ ಸಿಟ್ಟು ಇನ್ನೊಬ್ಬನ ಕಾಲ ಸಂದಿನಲ್ಲಿ ಗುರುಗುಟ್ಟುವುದನ್ನು ಅವನು ಅವತ್ತು ನಿಂತು ನೋಡಿದ, ತನ್ನ ಮಗು ಬೇರೆಯವರ ಹತ್ತಿರ ಚೆನ್ನಾಗಿ ಆಡುವುದನ್ನು ಕದ್ದು ನೋಡುವವನಂತೆ.

ಮ್ಯಾನೇಜರು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಒಳ್ಳೆಯ ಮನುಷ್ಯ. ಅದೇ ತೊಂದರೆ. ಬೂಟಿಗೆ ಎಣ್ಣೆ ತಾಗಬಾರದೆಂದು ಹೊಸಿಲಿನ ಹೊರಗೇ ನಿಲ್ಲುತ್ತಿದ್ದರು.

“ಹೇಗಿದಾನೆ ನಿಮ್ಮ ಭಾಮೈದ? ಪಾಪ. ನೋಡಿ, ಊಟ ಆದ ಮೇಲೆ ಮೇಲಿನವರ ಜೊತೆ ಮಾತಾಡ್ಬೇಕು ನಾನು. ಒಂದು ಮಾತು ಸಾಕು ನನಗೆ. ಹುಡುಗನ ಕೈ ತಪ್ಪಿದ್ದೋ, ಇಂಜಿನ್ ತಪ್ಪಿದ್ದೋ?”

“ಪಿಸ್ಟನ್ ಒಣಗಿದೆ ಸಾರ್.”

“ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಹುಡುಗನ ತಪ್ಪು ಅಂದ್ರೆ ಬೇರೆ ಹುಡುಗನ್ನ ಹುಡುಕೋಣ, ನಿಮ್ಮ ಇಂಜಿನ್ ಹೀಗೇ ಇರಲಿ. ಇಂಜಿನ್ ತಪ್ಪು ಅಂದ್ರೆ ಅದನ್ನ ಮೆತ್ತಗೆ ಮಾಡೋಣ, ಪೋರ್ಟ್ ಇಳಿಸಿ ಹೊಸ ಸಿಲಿಂಡರ್ ಎರಕ ಹಾಕಿಸಿ. ಯಾರು ಬೇಕಾದ್ರೂ ಕೂತು ಓಡಿಸೋ ಹಾಗೆ.” ಅವರು ಧ್ವನಿ ತಗ್ಗಿಸಿದರು. “ನನ್ನ ಕೇಳಿದ್ರೆ ಹುಡುಗಂದೇ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಮ್ಮ ಮನೆಯವರು ಅಂತ ಸಂಕೋಚ ಪಡಬೇಡಿ. ಅಲ್ಲ, ನೀವೇ ಒಂದು ಸಲ ಓಡಿಸಿ ನೋಡಿದ್ರೆ ನಿಮಗೇ ಗೊತ್ತಾಗ್ತಿತ್ತು... ಓ, ಹೌದಲ್ಲ. ಸಾರಿ.”

ಆ ‘ಸಾರಿ’ ಎನ್ನುವಾಗ ಅವರ ಕಣ್ಣಿನಲ್ಲಿ ಮಾವನ ಕಣ್ಣಿತ್ತು. ಪ್ರೀತಿ, ಕರುಣೆ. ಒಣಗ್ತೇನೋ?

ಹಿಂದೆ ವೆಲ್ಡರಣ್ಣ ಗಾಡಿಗೆ ಹೊಸ ಪಿಸ್ಟನ್ನು ಕೂರಿಸಿ, ಕೈ ಒರೆಸಿಕೊಳ್ಳುತ್ತಾ, ಎಲ್ಲ ಕೇಳಿಸಿಕೊಂಡೂ ಕೇಳದವನ ಹಾಗೆ ನಿಂತಿದ್ದ. ಗೋಡೆಯ ಮೇಲೆ ಚಿಕ್ಕಪ್ಪಂದಿರು ತೂಗುತ್ತಿದ್ದರು. ಅವನಿಗೆ ತನ್ನ ಬಾಯಿಂದ ಏನು ಬರುತ್ತದೆಂದು ತಿಳಿಯುವ ಮೊದಲೇ ಅದು ಬಂದಿತ್ತು.

“ಊಟದ ಹೊತ್ತಿಗೆ ಹೇಳ್ತೀನಿ ಸಾರ್. ವೆಲ್ಡರಣ್ಣ, ದಿಬ್ಬದ ಮೇಲೆ ತಗೊಂಡು ನಡಿ ಇದನ್ನ.”

“ಯಾರು ಓಡಿಸ್ತಾರೆ ಸಾರ್?”

“ತಳ್ಳು ಅಂದೆ.”

ಶೆಡ್ಡಿನ ಹಿಂದಿನ ದಿಬ್ಬವೆಂದರೆ ಕಾರ್ಖಾನೆ ಕಟ್ಟುವಾಗ ಅಗೆದು ಸುರಿದ ಮಣ್ಣು. ಕೆಳಗಿನಿಂದ ನೋಡಿದರೆ ಏನೂ ಅಲ್ಲ, ಮಕ್ಕಳು ಜಾರಿ ಆಡುವಂಥದ್ದು. ಮೇಲಿನಿಂದ ನೋಡಿದಾಗ ಇಳಿಜಾರು ಎಲ್ಲಿಗೆ ಹೋಯಿತೆಂದೇ ಕಾಣಲಿಲ್ಲ, ನೆಲ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದ ಹಾಗೆ. ಸೀಟು ಇಷ್ಟು ಎತ್ತರ ಯಾಕಿದೆ? ಮಿಡತೆಯ ಕಾಲಿಗೆ ಎಳೆದ ಗೆರೆ. ಅವನ ಕಾಲ ಬೆರಳ ತುದಿ ಮಾತ್ರ ನೆಲ ಮುಟ್ಟಿತು. ತಾನೇ ಎಳೆದ ಗೆರೆಯ ಮೇಲೆ ತಾನೇ ತೂಗಾಡುತ್ತಾ ಅವನಿಗೆ ವಿಚಿತ್ರವಾದ ನಗು ಬಂತು.

“ಬೇಡ ಸಾರ್,” ಎಂದ ವೆಲ್ಡರಣ್ಣ ಹಿಂದಿನಿಂದ ಹಿಡಿದುಕೊಂಡು. “ಮನೇಲಿ ನಿಮ್ಮ ಹೆಂಡತಿಗೆ ನಾನೇನು ಹೇಳ್ಲಿ? ಒಬ್ಬರದು ಹೆಗಲು ಆಯ್ತು.”

“ನಂದು ಇನ್ನೊಂದು ಮೂಳೆ ಅಂತ ಹೇಳು. ಒದಿ, ಸ್ಟಾರ್ಟ್ ಮಾಡು.”

ವೆಲ್ಡರಣ್ಣ ಒದ್ದ. ಆ ಸದ್ದು ಇಷ್ಟು ವರ್ಷ ಕಿವಿಯಿಂದ ಬರುತ್ತಿತ್ತು, ಈಗ ಬೆನ್ನುಮೂಳೆಯಿಂದ ಬಂತು. ಹರಳೆಣ್ಣೆಯ ಹೊಗೆ ಮೂಗಿಗೆ ಹೊಡೆಯಿತು, ಮಾವನ ಅಂಗಿ. ಮುಚ್ಚಬೇಡ, ಎಂದು ಅವನು ಕೈಗೆ ಹೇಳಿದ. ಏನಾದರೂ ಆಗಲಿ, ಮುಚ್ಚಬೇಡ. ಕೊಡು, ಕೊಡುತ್ತಲೇ ಇರು. ಎರಡನೇ ಗೇರು. ಕ್ಲಚ್ಚು ಬಿಟ್ಟ. ದಿಬ್ಬದ ಅಂಚು ಅವನ ಕೆಳಗಿನಿಂದ ಸರಿಯಿತು, ಮುಚ್ಚಬೇಡ ಮುಚ್ಚಬೇಡ ಎಂದು ಅವನು ಹೇಳುತ್ತಲೇ ಇದ್ದ, ಬಹುಶಃ ಗಟ್ಟಿಯಾಗಿಯೇ, ಕಣ್ಣು ತೆರೆದೇ ಇದ್ದ, ಇದನ್ನು ಮಾವ ನೋಡಬೇಕಿತ್ತು, ಕಣ್ಣು ತೆರೆದು, ಒಂದೊಂದು ಕಲ್ಲನ್ನೂ ಕಂಡ, ಒಂದು ಹಳೆಯ ಬೋಲ್ಟು ಬಿದ್ದಿದ್ದನ್ನೂ ಕಂಡ, ಹೆದರಿಕೆ ಎದೆಯಲ್ಲಿ ಇತ್ತು, ಆದರೆ ಅದರ ಮೇಲೆ ಅವನು ಕೂತಿದ್ದ, ಆಹಾ, ಕೂತೇ ಇದ್ದ, ನೆಲ ಚಪ್ಪಟೆಯಾಯಿತು. ಬ್ರೇಕು ಒತ್ತಿದ, ಗಾಡಿ ನಿಂತಿತು, ನಿಂತ ಮೇಲೆ ಕಾಲು ಊರಲು ಹೋದರೆ ನೆಲ ಎಟುಕಲಿಲ್ಲ. ಗಾಡಿಯೂ ಅವನೂ ನಿಧಾನವಾಗಿ, ಯಾರೋ ಮಲಗಿಸಿದ ಹಾಗೆ, ಪಕ್ಕಕ್ಕೆ ಒರಗಿ ಬಿದ್ದರು.

ಬಿದ್ದಲ್ಲಿಂದ ಮೊದಲು ಕಂಡದ್ದು ಒಂದು ಜೊತೆ ಬೂಟು. ಅವು ಒಂದು ಎಡಗೈಯಲ್ಲಿ ನೇತಾಡುತ್ತಿದ್ದವು. ಬೂಟು ತೆಗೆದುಕೊಂಡು ಹೋಗಲು ಬಂದಿದ್ದ ಮಿಡತೆ ಬಾಯಿ ತೆರೆದುಕೊಂಡು ನಿಂತಿದ್ದ. ಬೂಟು ಕೆಳಗೆ ಹಾಕಿ ಇರುವ ಒಂದೇ ಕೈಯಿಂದ ಭಾವನ ಕಾಲನ್ನು ಗಾಡಿಯಡಿಯಿಂದ ಎಳೆದ.

“ಭಾವ! ಪೆಟ್ಟಾಯ್ತಾ? ಹುಚ್ಚು ಹಿಡೀತಾ ನಿಮಗೆ?”

“ಇಳಿದೆ ಕಣೋ! ನೋಡಿದ್ಯಾ, ಇಳಿದೆ!”

“ನೋಡ್ದೆ, ನೋಡ್ದೆ. ಪುಣ್ಯಕ್ಕೆ ದಿಬ್ಬ ಸಣ್ಣದು. ಇನ್ನೊಂದಿಷ್ಟು ಉದ್ದ ಇದ್ದಿದ್ರೆ ಹಿಡಕೊಂಡುಬಿಡ್ತಿತ್ತು. ಪೂರ್ತಿ ಮುಚ್ಚಿದ್ರಲ್ಲ.”

“ಏನು ಮುಚ್ಚಿದ್ದು?”

“ಆಕ್ಸಿಲರೇಟರ್. ನಡುವೆ ಸದ್ದೇ ಇರ್ಲಿಲ್ಲ. ಬರೀ ಚೈನಿನ ಸದ್ದು.”

“ಸುಳ್ಳು! ಉದ್ದಕ್ಕೂ ಕೊಟ್ಕೊಂಡೇ ಬಂದೆ. ನನ್ನ ಕೈ ನನಗೆ ಗೊತ್ತಿಲ್ವಾ?”

ಹೇಳಿದ ಮೇಲೆ ಅವನಿಗೆ ಕೇಳಿಸಿತು. ಮಿಡತೆಗೂ ಕೇಳಿಸಿತು. ಬೆಳಗಿನ ಮಾತು ಊರೆಲ್ಲ ಸುತ್ತಿ ಇನ್ನೊಂದು ಬಾಯಿಯಿಂದ ವಾಪಸ್ಸು ಬಂದು ಇಬ್ಬರ ನಡುವೆ ನಿಂತಿತು. ದಿಬ್ಬದ ಮೇಲಿಂದ ವೆಲ್ಡರಣ್ಣ ಜಾರುತ್ತಾ ಓಡುತ್ತಾ ಬರುತ್ತಿದ್ದ. ಬಿದ್ದವನು ತನ್ನ ಬಲಗೈಯನ್ನು ಎತ್ತಿ ನೋಡಿದ. ಅಂಗೈ ಬೆವೆತು ಹೊಳೆಯುತ್ತಿತ್ತು, ಬೆರಳುಗಳು ಇನ್ನೂ ಮಡಚಿಕೊಂಡೇ ಇದ್ದವು. ಬಾಯಿ ‘ಮುಚ್ಚಬೇಡ’ ಎನ್ನುತ್ತಿರುವಾಗಲೇ ಈ ಕೈ ಮುಚ್ಚಿದೆ, ಯಾರನ್ನೂ ಕೇಳದೆ, ಮುಚ್ಚಿದ್ದನ್ನು ಯಾರಿಗೂ ಹೇಳದೆ. ಸುಳ್ಳು ಹೇಳಿದವರು ಯಾರೂ ಇಲ್ಲ. ಒದ್ದೆಯಾದ ಹುಡುಗನೂ ಯಾರನ್ನು ಕೇಳಿ ಒದ್ದೆಯಾಗಿದ್ದ? ಅವನಿಗೆ ನಾಚಿಕೆಯಾಗಲಿಲ್ಲ. ಅದು ಬರಬೇಕಾದ ಜಾಗದಲ್ಲಿ ಬೇರೇನೋ ಬಂತು, ಮೆಲ್ಲಗೆ, ಗುರುಗುಟ್ಟುತ್ತಾ.

“ನೀನು ಹೇಳಿದ್ದು ನಿಜ ಕಣೋ,” ಎಂದ.

“ನಾನೂ ಮುಚ್ಚಿರ್ಬೇಕು ಹಾಗಾದ್ರೆ,” ಎಂದ ಮಿಡತೆ ಬೂಟುಗಳನ್ನು ನೋಡುತ್ತಾ. ಆಮೇಲೆ ನಗು ತಡೆಯಲಾರದೆ, “ಆದ್ರೆ ನಾನು ನಿಂತ ಗಾಡಿಯಿಂದ ಬಿದ್ದಿಲ್ಲಪ್ಪ.”

ಶೆಡ್ಡಿನಲ್ಲಿ ಅವನು ನಕ್ಷೆಯ ಬೋರ್ಡಿನ ಕಡೆ ಹೋಗಲೇ ಇಲ್ಲ. ಕಾರ್ಬುರೇಟರ್ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು ಕೂತ. ಕೈ ಮುಚ್ಚಿದಾಗ ಒಳಗೊಂದು ಪುಟ್ಟ ಬಾಗಿಲು ಜಾರಿ ಪೂರ್ತಿ ಕೆಳಗಿಳಿಯುತ್ತದೆ. ಎಷ್ಟು ನುಣುಪಾಗಿ, ಎಷ್ಟು ಚೊಕ್ಕವಾಗಿ ಮುಚ್ಚಿಕೊಳ್ಳುವಂತೆ ಮಾಡಿದ್ದೆ ಎಂದು ಹೆಮ್ಮೆಪಟ್ಟುಕೊಂಡಿದ್ದ ಬಾಗಿಲು. ಹೆದರದವರಿಗಾಗಿ ಮಾಡಿದ್ದು. ಅಂಥವರು ಯಾರೂ ಬಂದು ಕೂತಿರಲಿಲ್ಲ, ಬರುವವರೂ ಅಲ್ಲ.

“ವೆಲ್ಡರಣ್ಣ, ಇದರಡಿಗೆ ಒಂದು ಸ್ಕ್ರೂ ನಿಲ್ಲಿಸೋಣ. ಎಷ್ಟು ಮುಚ್ಚಿದ್ರೂ ಒಂದು ಎಳೆ ಸಂದು ಉಳೀಬೇಕು. ಹೆದರಿದ ಕೈಗೂ ಒಂದು ಎಳೆ ಎಣ್ಣೆ.”

“ಸಂದು ಬಿಟ್ರೆ ನಿಂತಾಗಲೂ ಅರಚ್ತಾನೇ ಇರುತ್ತಲ್ಲ ಸಾರ್. ಕೈ ಬಿಟ್ರೂ ಸುಮ್ಮನಾಗಲ್ಲ.”

“ಯಾಕೆ ಸುಮ್ಮನಾಗ್ಬೇಕು?”

ವೆಲ್ಡರಣ್ಣ ಸ್ಕ್ರೂಗಳ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಮಿಡತೆ ಎಡಗೈಯಿಂದ ಒಂದೊಂದನ್ನೇ ಎತ್ತಿ ಕೊಡುತ್ತಾ ಹೋದ. ದಪ್ಪ, ಉದ್ದ, ಹಲ್ಲು ಸವೆದದ್ದು. ಕೊನೆಗೆ ಕೂತದ್ದು ಹಾಲಿನವರ ಗಾಡಿಯ ನಂಬರ್ ಪ್ಲೇಟಿನ ಸ್ಕ್ರೂ.

ಊಟದ ಬೆಲ್ಲಿಗೆ ಮ್ಯಾನೇಜರು ಬಂದಾಗ ಗಾಡಿ ಶೆಡ್ಡಿನ ನುಣುಪು ಸಿಮೆಂಟಿನ ಮೇಲೆ, ಹೊಸಿಲಿಗೆ ಮುಖ ಮಾಡಿ, ಸ್ಟ್ಯಾಂಡಿನ ಮೇಲೆ ನಿಂತು ಓಡುತ್ತಿತ್ತು. ಹ್ಯಾಂಡಲ್ಲಿನ ಮೇಲೆ ಯಾರ ಕೈಯೂ ಇರಲಿಲ್ಲ. ತಗಡಿನ ಗೋಡೆ ನಡುಗುತ್ತಿತ್ತು, ಚಿಕ್ಕಪ್ಪಂದಿರು ಒಬ್ಬರಿಗೊಬ್ಬರು ತಾಗಿ ಟಣಟಣ ಎನ್ನುತ್ತಿದ್ದರು.

“ಏನ್ರೀ ಇದು, ಒಂದೇ ಸಮ ಕಿರುಚ್ತಾ ಇದೆ!” ಅವರು ಹೊಸಿಲಿನ ಹೊರಗೆ ನಿಂತು ಕಿವಿಗೆ ಕೈ ಅಡ್ಡ ಹಿಡಿದರು. “ಹೇಳಿ. ಯಾರ ತಪ್ಪು?”

“ಕೈ ಮುಚ್ಚಿದ್ದು ನಿಜ ಸಾರ್.”

“ಅಂದ್ರೆ ಹುಡುಗಂದು.”

“ನಂದೂ ಮುಚ್ತು. ನಿಮ್ಮದೂ ಮುಚ್ಚುತ್ತೆ. ಬೇಕಾದ್ರೆ ಬನ್ನಿ, ದಿಬ್ಬ ಇಲ್ಲೇ ಇದೆ.”

ಮ್ಯಾನೇಜರು ಅವನ ಮಣ್ಣಾದ ಪ್ಯಾಂಟನ್ನು, ಸುಲಿದ ಮೊಣಕೈಯನ್ನು ಈಗ ನೋಡಿದರು. “ಹಾಗಾದ್ರೆ ಪೋರ್ಟ್ ಇಳಿಸ್ತೀರಿ.”

“ಇಲ್ಲ.”

“ಹುಡುಗನ್ನೂ ಬಿಡಲ್ಲ, ಪೋರ್ಟನ್ನೂ ಇಳಿಸಲ್ಲ! ಮೇಲಿನವರಿಗೆ ನಾನೇನು ಹೇಳ್ಬೇಕು?”

“ಹೆಗಲು ಕೂಡಿಕೊಂಡ ಮೇಲೆ ಇದನ್ನ ಇವನೇ ಓಡಿಸ್ತಾನೆ ಅಂತ ಹೇಳಿ. ಹಾಗಂದವನು ನಾನು ಅಂತ ಹೇಳಿ. ಬೇಡ ಅಂದ್ರೆ ಇಬ್ಬರನ್ನೂ ಒಟ್ಟಿಗೆ ಕಳಿಸ್ಲಿ. ನನಗೇನು, ನಡೆದು ರೂಢಿ ಇದೆ.”

ಮಿಡತೆ ಬಾಗಿಲ ಪಕ್ಕದ ಮೊಳೆಗೆ ಬೂಟುಗಳನ್ನು ನೇತುಹಾಕಿದ, ಅವು ಯಾವಾಗಲೂ ಇರುತ್ತಿದ್ದ ಜಾಗದಲ್ಲಿ.

“ಮೊದಲು ಆರಿಸ್ರೀ ಅದನ್ನ,” ಮ್ಯಾನೇಜರು ಕೂಗಿದರು. “ಮಾತೇ ಕೇಳಿಸ್ತಿಲ್ಲ!”

“ನಮಗೆ ಕೇಳಿಸ್ತಿದೆ ಸಾರ್.”

ಯಾರೂ ಅಲುಗಲಿಲ್ಲ. ಗಾಡಿ ಮಾತ್ರ ತನ್ನ ನಡುಕಕ್ಕೆ ತಾನೇ ಸ್ಟ್ಯಾಂಡಿನ ಮೇಲೆ ಇಷ್ಟಿಷ್ಟೇ ಜರುಗುತ್ತಾ, ಸಿಮೆಂಟಿನ ಮೇಲೆ ಎರಡು ಎಣ್ಣೆಗೆರೆ ಎಳೆಯುತ್ತಾ ಹೊಸಿಲಿನ ತನಕ ಬಂತು. ಮ್ಯಾನೇಜರು ತಮ್ಮ ಬೂಟನ್ನು ಹಿಂದಕ್ಕೆಳೆದುಕೊಂಡರು.